ಸಹಿ ಹಾಕುವಾಗ ಆ ಮರದ ಹೆಸರು ನನಗೆ ಗೊತ್ತಿರಲಿಲ್ಲ

ಈಗ ಬೆಂಗಳೂರಲ್ಲಿ ಪಿಂಕ್ ಸೀಸನ್. ಇನ್‌ಸ್ಟಾಗ್ರಾಂ ತೆಗೆದರೆ ಸಾಕು, ಬರೀ ಗುಲಾಬಿ ಬಣ್ಣದ ಮರಗಳು. ಕೆಳಗೆ ‘ನಮ್ಮ ಚೆರ್ರಿ ಬ್ಲಾಸಮ್’ ಅನ್ನೋ ಕ್ಯಾಪ್ಷನ್. ಎರಡು ವರ್ಷದ ಹಿಂದೆ ನಾನೂ ಅದೇ ಕ್ಯಾಪ್ಷನ್ ಹಾಕಿದ್ದೆ. ನಮ್ಮ ಟೀಮಿನ ಟೆಸ್ಟರ್ ಒಬ್ಬಳು ಐದೇ ನಿಮಿಷದಲ್ಲಿ ಬಗ್ ಹಿಡಿದಳು. “ಅದು ಚೆರ್ರಿ ಅಲ್ಲ ಕಣೋ, ಟಬೂಬಿಯಾ. ಚೆರ್ರಿ ಗುಲಾಬಿ ಗಿಡದ ಕುಟುಂಬ. ಇದು ಆಕಾಶಮಲ್ಲಿಗೆ, ಜಕರಂಡ, ನೀರುಕಾಯಿ ಮರದ ಕುಟುಂಬ. ಭಾನುವಾರ ಬೆಳಗ್ಗೆ ಏಳಕ್ಕೆ ಲಾಲ್‌ಬಾಗ್‌ಗೆ ಬಾ.”

ಆಫೀಸಲ್ಲಿ ಬಗ್ ಹಿಡಿಯೋದು ಸಾಲದು ಅಂತ ಭಾನುವಾರವೂ ಹಿಡೀತಾಳಲ್ಲ ಅಂತ ಬೈಕೊಂಡೇ ಹೋದೆ. ಅಲ್ಲಿಂದ ಶುರುವಾಗಿದ್ದು ಈ ಕಥೆ.

ಅವಳು ಕರೆದುಕೊಂಡು ಹೋಗಿದ್ದು ಒಂದು ಬಾಟನಿ ಕ್ಲಬ್‌ಗೆ. ಕ್ಲಬ್ ಅಂದರೆ ದೊಡ್ಡದೇನಿಲ್ಲ. ಫೀಸ್ ಇಲ್ಲ, ಬ್ಯಾನರ್ ಇಲ್ಲ. ವಾಟ್ಸಾಪ್ ಗ್ರೂಪಲ್ಲಿ ಅರವತ್ತು ಜನ ಇದ್ದರೆ, ತಿಂಗಳ ಎರಡನೇ ಭಾನುವಾರ ಎದ್ದು ಬರೋರು ಹನ್ನೆರಡೋ ಹದಿನೈದೋ ಮಂದಿ. ಬ್ಯಾಂಕಿನವರೊಬ್ಬರು, ರಾತ್ರಿ ಶಿಫ್ಟ್ ಮುಗಿಸಿ ನೇರ ಬರುವ ಇಬ್ಬರು ನರ್ಸ್‌ಗಳು, ಚಿಟ್ಟೆಗಳ ಜಾತಕವನ್ನೇ ಹೇಳುವ ಎಂಟನೇ ಕ್ಲಾಸಿನ ಒಬ್ಬ ಹುಡುಗ. ಎಲ್ಲರಿಗೂ ಪಾಠ ಹೇಳೋದು ರಿಟೈರ್ ಆಗಿರುವ ಬಾಟನಿ ಲೆಕ್ಚರರ್ ಒಬ್ಬರು. ಅವರನ್ನ ನಾವೆಲ್ಲ ‘ಮೇಡಂ’ ಅಂತೀವಿ, ಅಷ್ಟೇ.

ರೂಲ್ಸ್ ನಾಲ್ಕೇ ನಾಲ್ಕು. ಏನನ್ನೂ ಕೀಳಬಾರದು, ಕೆಳಗೆ ಬಿದ್ದದ್ದನ್ನ ಮಾತ್ರ ಎತ್ತಿಕೊಳ್ಳಬಹುದು. ಮೊದಲ ಅರ್ಧ ಗಂಟೆ ಫೋನ್ ಜೇಬಲ್ಲಿರಬೇಕು. ‘ಗೊತ್ತಿಲ್ಲ’ ಅನ್ನೋಕೆ ನಾಚಿಕೊಳ್ಳಬಾರದು. ಕೊನೆಗೆ ಇಡ್ಲಿ ಬಿಲ್ ಎಲ್ಲರೂ ಹಂಚಿಕೊಳ್ಳಬೇಕು.

ಮೊದಲ ದಿನ ಮೇಡಂ ಒಂದು ಬೇವಿನ ಕಡ್ಡಿ ಕೈಗೆ ಕೊಟ್ಟು, “ಇದ್ರಲ್ಲಿ ಎಷ್ಟು ಎಲೆ ಇದೆ ನೋಡಿ” ಅಂದರು. ಎಣಿಸಿ “ಹದಿಮೂರು” ಅಂದೆ. ಅವರು ನಕ್ಕು “ಒಂದು” ಅಂದರು.

ವಿಷಯ ಏನಪ್ಪಾ ಅಂದ್ರೆ, ಎಲೆ ಕೊಂಬೆಗೆ ಸೇರುವ ಮೂಲೆಯಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತೆ. ಮುಂದೆ ಅದೇ ಹೊಸ ಕೊಂಬೆಯೋ ಹೂವೋ ಆಗೋದು. ಬೇವಿನ ಆ ಹದಿಮೂರರ ಬುಡದಲ್ಲಿ ಎಲ್ಲೂ ಮೊಗ್ಗಿಲ್ಲ, ಇಡೀ ಕಡ್ಡಿ ಕೊಂಬೆಗೆ ಸೇರುವ ಕಡೆ ಮಾತ್ರ ಇದೆ. ಅಂದ್ರೆ ನಾನು ಎಣಿಸಿದ್ದು ಕಿರುಎಲೆಗಳನ್ನ, ಇಡೀ ಕಡ್ಡಿಯೇ ಒಂದು ಎಲೆ. ಮೂವತ್ತು ವರ್ಷ ಯುಗಾದಿಗೆ ಬೇವು ತಿಂದವನಿಗೆ ಬೇವಿನ ಒಂದು ಎಲೆ ಅಂದ್ರೆ ಯಾವುದು ಅಂತ ಗೊತ್ತಿರಲಿಲ್ಲ.

ಆಮೇಲೆ ಗೊತ್ತಾಯ್ತು, ಮರ ಗುರುತಿಸೋದು ನಮ್ಮ ಇಫ್-ಎಲ್ಸ್ ಥರಾನೇ. ಎಲೆ ಒಂಟಿಯಾ, ಕಿರುಎಲೆಗಳಾಗಿ ಒಡೆದಿದೆಯಾ? ಎದುರು ಬದುರಾ, ಒಂದಾದ ಮೇಲೊಂದಾ? ಅಂಚು ನುಣುಪಾ, ಗರಗಸದ ಹಾಗಿದೆಯಾ? ಉಜ್ಜಿದರೆ ವಾಸನೆ ಏನು? ಒಂದೊಂದು ಪ್ರಶ್ನೆಗೂ ಅರ್ಧ ಮರಗಳು ಲಿಸ್ಟಿನಿಂದ ಹೊರಗೆ ಹೋಗ್ತವೆ. ನಾಲ್ಕೈದು ಪ್ರಶ್ನೆ ಆದಮೇಲೆ ಉಳಿಯೋದು ಎರಡೋ ಮೂರೋ. ಆ್ಯಪ್ ಕೂಡ ಹೆಸರು ಹೇಳುತ್ತೆ, ಇಲ್ಲ ಅನ್ನಲ್ಲ. ಆದ್ರೆ ಯಾಕೆ ಅಂತ ಹೇಳಲ್ಲ. ಯಾಕೆ ಅಂತ ಗೊತ್ತಾದ್ರೆ ಮುಂದಿನ ಸಲ ಆ್ಯಪ್ ಬೇಕಾಗಲ್ಲ.

ಕನ್ನಡದಲ್ಲಿ ಇಂಥ ತಿರುಗಾಟಕ್ಕೆ ಒಂದು ಹಳೇ ಪರಂಪರೆಯೇ ಇದೆ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು. ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಕಾಡು ಸುತ್ತಿದ್ದನ್ನೇ ‘ಹಸುರು ಹೊನ್ನು’ ಅಂತ ಬರೆದರು, ಚಿತ್ರವನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಬಗ್ಗೆ ಇರೋ ಪುಸ್ತಕ ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಗಬಹುದು ಅಂತ ನಂಬದೋರು ಅದನ್ನ ಓದಿ ನೋಡಿ. ನಮ್ಮ ಕ್ಲಬ್‌ನಲ್ಲಿ ಹೊಸಬರಿಗೆ ಕೊಡುವ ಮೊದಲ ಹೋಮ್‌ವರ್ಕ್ ಅದೇ.

ಎರಡನೇ ತಿಂಗಳು ಗಾಜಿನ ಮನೆ ಹತ್ತಿರ ನಿಂತಿದ್ವಿ. ಎಲ್ಲರೂ ಕ್ರಿಸ್‌ಮಸ್ ಟ್ರೀ ಅಂತ ಕರೆಯುವ ಅರೌಕೇರಿಯಾ ಮರ ಒಂದು ಸ್ವಲ್ಪ ವಾಲಿತ್ತು. “ಫೋನ್ ತೆಗೀರಿ, ಕಂಪಾಸ್ ನೋಡಿ” ಅಂದರು ಮೇಡಂ. ವಾಲಿದ್ದು ದಕ್ಷಿಣಕ್ಕೆ. ಈ ಕುಕ್ ಪೈನ್ ಜಾತಿಯ ಮರಗಳು ಪ್ರಪಂಚದಲ್ಲಿ ಎಲ್ಲೇ ಇದ್ದರೂ ಹೆಚ್ಚಾಗಿ ಭೂಮಧ್ಯರೇಖೆ ಕಡೆಗೇ ವಾಲುತ್ತವಂತೆ. 2017ರಲ್ಲಿ ಐದು ಖಂಡಗಳ 256 ಮರಗಳನ್ನ ಅಳೆದು ವಿಜ್ಞಾನಿಗಳು ಇದನ್ನ ಪ್ರಕಟಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿದ್ದರೆ ಉತ್ತರಕ್ಕೆ, ನಮ್ಮಲ್ಲಿದ್ದರೆ ದಕ್ಷಿಣಕ್ಕೆ. ಅದೆಷ್ಟು ಸಲ ಆ ಮರದ ಮುಂದೆ ಸೆಲ್ಫಿ ತೆಗೆದಿದ್ದೀನೋ, ವಾಲಿದ್ದು ನನ್ನ ಫೋನು ಅಂದ್ಕೊಂಡಿದ್ದೆ.

ಮೂರನೇ ತಿಂಗಳು ವಿಷಯ ಹುರುಳಿ-ಹೊಂಗೆ-ಹುಣಸೆಗಳ ಕುಟುಂಬ. ಅಂದರೆ ಕೋಡು ಬಿಡುವ ಮರಗಳು. ಮೇಡಂ ಎಲ್ಲರಿಗೂ ಒಂದು ಪ್ರಶ್ನೆ ಹಾಕಿದರು: “ನಿಮ್ಮ ಮನೆ ಮುಂದೆ ಇರೋ ಮರ ಯಾವುದು?”

ಒಬ್ಬೊಬ್ಬರಾಗಿ ಹೇಳ್ತಾ ಬಂದರು. ನನ್ನ ಸರದಿ ಬಂದಾಗ, “ಒಂದು ಹೊಂಗೆ ಇದೆ ಮೇಡಂ. ಇನ್ನೊಂದು ಇತ್ತು, ಕಡಿದುಬಿಟ್ರು” ಅಂದೆ.

“ಅದ್ಯಾವುದು?”

“ಗೊತ್ತಿಲ್ಲ.”

ಆ ‘ಗೊತ್ತಿಲ್ಲ’ ಮಾತ್ರ ಸುಲಭವಾಗಿ ಬಾಯಿಂದ ಬರಲಿಲ್ಲ. ಯಾಕಂದ್ರೆ ‘ಕಡಿದುಬಿಟ್ರು’ ಅನ್ನೋದು ಪೂರ್ತಿ ನಿಜ ಆಗಿರಲಿಲ್ಲ.

ಅದಕ್ಕೂ ಹಿಂದಿನ ವರ್ಷ ಮಾರ್ಚ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಮ್ಮ ಬಿಲ್ಡಿಂಗ್ ಓನರ್ ಅಂಕಲ್ ಒಂದು ಹಾಳೆ ಹಿಡಿದುಕೊಂಡು ಬಂದಿದ್ದರು. ಎಲೆ, ಕಾಯಿ ಬಿದ್ದು ವಾಹನಗಳಿಗೆ ತೊಂದರೆ ಆಗ್ತಿದೆ, ಮರ ತೆರವುಗೊಳಿಸಿ ಅನ್ನೋ ಅರ್ಜಿ. ಎಂಟು ಸಹಿ ಆಗಿತ್ತು. ಒಂದು ಕೈಯಲ್ಲಿ ಬಿರಿಯಾನಿ ಪಾರ್ಸೆಲ್ ಹಿಡಿದು ಇನ್ನೊಂದು ಕೈಯಲ್ಲಿ ಒಂಬತ್ತನೇ ಸಹಿ ಹಾಕಿದೆ. ಓದಲೂ ಇಲ್ಲ. ನನ್ನ ಬೈಕ್ ಸೀಟ್ ಮೇಲೆ ದಿನಾ ಕಸ ಬೀಳ್ತಿತ್ತು, ಅಷ್ಟು ಸಾಕಾಗಿತ್ತು. ಕೆಲವು ವಾರ ಬಿಟ್ಟು ಒಂದು ಸಂಜೆ ಆಫೀಸಿಂದ ಬಂದಾಗ ಮರ ಇರಲಿಲ್ಲ. ಫುಟ್‌ಪಾತ್ ಮೇಲೆ ಮರದ ಪುಡಿ ಇತ್ತು. ‘ಸದ್ಯ, ಪಾರ್ಕಿಂಗ್ ಜಾಗ ಆಯ್ತು’ ಅಂತಲೇ ಅಂದ್ಕೊಂಡೆ.

ಆ ಬೇಸಿಗೆಯಲ್ಲಿ ನನ್ನ ರೂಮು ಕಾದ ಕಾವಲಿ ಥರ ಆಗಿ ಎಸಿ ತಗೊಂಡೆ. ಕಾರಣ ಹವಾಮಾನ ಬದಲಾವಣೆ ಅಂತ ಆಫೀಸಲ್ಲಿ ಭಾಷಣ ಬೇರೆ ಮಾಡಿದ್ದೆ. ಪಶ್ಚಿಮದ ಕಿಟಕಿಗೆ ನೆರಳಾಗಿದ್ದುದು ಅದೇ ಮರ ಅಂತ ಹೊಳೆದದ್ದು ಲಾಲ್‌ಬಾಗಲ್ಲಿ ಮೇಡಂ ಮುಂದೆ ನಿಂತಾಗಲೇ.

ಎಲ್ಲ ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಮೇಡಂ ಕೇಳಿದ್ದು ಒಂದೇ: “ಫೋಟೊ ಏನಾದ್ರೂ ಇದೆಯಾ?”

ಮರದ ಫೋಟೊ ಯಾರು ತೆಗೀತಾರೆ? ಆದ್ರೆ ಬೈಕಿನದು ಇತ್ತು. ಆಯುಧಪೂಜೆ ದಿನ ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ತೆಗೆದ ಫೋಟೊ. ಹಿಂದೆ ಅರ್ಧ ಕಾಂಡ, ಮೇಲೊಂದಿಷ್ಟು ಎಲೆ. ಎಂಟನೇ ಕ್ಲಾಸಿನ ಹುಡುಗ ಫೋನ್ ಕಿತ್ತುಕೊಂಡು ಝೂಮ್ ಮಾಡಿ, “ಅಣ್ಣಾ, ಬಸವನಪಾದ!” ಅಂದ. ಎಲೆ ತುದಿಯಲ್ಲಿ ಸೀಳಿ ಎರಡಾಗಿ, ಥೇಟ್ ದನದ ಗೊರಸಿನ ಗುರುತಿನ ಹಾಗೆ. ಹೆಸರು ಬಂದದ್ದೇ ಅದರಿಂದ.

ಆದ್ರೆ ಬಸವನಪಾದದಲ್ಲೂ ಬೇರೆ ಬೇರೆ ಜಾತಿಗಳಿವೆ. ಇಲ್ಲಿಂದ ಮೇಡಂ ಮಾಡಿದ್ದು ನಾನು ನೋಡಿರೋ ಅತ್ಯುತ್ತಮ ಡಿಬಗ್ಗಿಂಗ್.

“ಸೀಟ್ ಮೇಲೆ ಬಿದ್ದಿರೋದು ಏನು?” ಅಂದರು. ನಾನು ಪೂಜೆ ಹೂವು ಅಂದುಕೊಂಡಿದ್ದೆ. ನೇರಳೆ-ಗುಲಾಬಿ ಬಣ್ಣದ, ಸಪೂರಾದ ಎಸಳುಗಳು. “ಆಯುಧಪೂಜೆ ಹೊತ್ತಿಗೆ ಹೂವಿದೆ, ಮರದ ತುಂಬ ಎಲೆಯೂ ಇದೆ. ಬೌಹಿನಿಯಾ ವೇರಿಗೇಟಾ ಆಗಿದ್ರೆ ಚಳಿಗಾಲ ಮುಗಿಯುವಾಗ, ಎಲೆ ಉದುರಿದ ಮೇಲೆ ಹೂ ಬಿಡ್ತಿತ್ತು. ಹಾಗಾಗಿ ಅದಲ್ಲ. ಉಳಿದದ್ದು ಎರಡು. ಒಂದು ಪರ್ಪ್ಯೂರಿಯಾ. ಇನ್ನೊಂದು ಹಾಂಗ್‌ಕಾಂಗ್ ಧ್ವಜದ ಮೇಲಿದೆಯಲ್ಲ, ಆ ಮಿಶ್ರತಳಿ. ಅದು ಕಾಯಿ ಕಚ್ಚಲ್ಲ, ಬಂಜೆ ಮರ.” ಆಮೇಲೆ ನನ್ನ ಕಡೆ ತಿರುಗಿ, “ಬೇಸಿಗೆ ಮಧ್ಯಾಹ್ನ ಚಟ್ ಚಟ್ ಅಂತ ಸದ್ದು ಬರ್ತಿತ್ತಾ?” ಅಂತ ಕೇಳಿದರು.

ನನಗೆ ಮೈ ಜುಮ್ಮೆಂದಿತು. ಬರ್ತಿತ್ತು! ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಮೀಟಿಂಗ್ ಮಧ್ಯೆ ಚಟ್ ಅಂತ ಸದ್ದು. ಕೆಳಗಿನ ಶೀಟಿನ ಮೇಲೆ ಟಣ್ ಅಂತ ಏನೋ ಬೀಳೋದು. ಯಾರೋ ಮಕ್ಕಳು ಕಲ್ಲು ಹೊಡೀತಿದ್ದಾರೆ ಅಂತ ಎರಡು ಸಲ ಬಾಲ್ಕನಿಗೆ ಬಂದು ಕೂಗಾಡಿದ್ದೆ. ಮಕ್ಕಳಲ್ಲ, ಮರವೇ. ಬಸವನಪಾದದ ಕೋಡು ಬಿಸಿಲಿಗೆ ಒಣಗಿ, ಎರಡು ಹೋಳೂ ತಿರುಚಿಕೊಂಡು ಸಿಡಿಯುತ್ತೆ. ಬೀಜಗಳನ್ನ ದೂರಕ್ಕೆ ಎಸೆಯೋಕೆ ಅದು ಮಾಡಿಕೊಂಡಿರೋ ಉಪಾಯ. ಅರ್ಜಿಯಲ್ಲಿದ್ದ ‘ಕಾಯಿ ಬಿದ್ದು ತೊಂದರೆ’ ಅಂದ್ರೆ ಇದೇ.

ಮರ ಹೋದ ಮೇಲೆ ಆ ಸದ್ದೂ ನಿಂತಿತ್ತು. ನಿಂತಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

ಹೆಸರು ಗೊತ್ತಿದ್ದಿದ್ರೆ ಸಹಿ ಹಾಕ್ತಿರಲಿಲ್ಲವಾ? ಪ್ರಾಮಾಣಿಕವಾಗಿ ಹೇಳೋದಾದ್ರೆ ಗ್ಯಾರಂಟಿ ಇಲ್ಲ. ಆದ್ರೆ ಬಿರಿಯಾನಿ ಕೆಳಗಿಟ್ಟು ಹಾಳೆ ಓದ್ತಿದ್ದೆ. ‘ಮರ’ ಅನ್ನೋದನ್ನ ಕಡಿಯೋಕೆ ಒಪ್ಪೋದು ಸುಲಭ. ಸೆಪ್ಟೆಂಬರಿಗೆ ಹೂ ಬಿಡೋಕೆ ಶುರುಮಾಡಿ, ಮಾರ್ಚಿಗೆ ಕಾಯಿ ಸಿಡಿಸಿ, ಮಧ್ಯಾಹ್ನ ನನ್ನ ರೂಮಿಗೆ ನೆರಳು ಕೊಡೋ ಒಂದು ಬಸವನಪಾದವನ್ನ ಕಡಿಯೋಕೆ ಒಪ್ಪೋದು ಸ್ವಲ್ಪ ಕಷ್ಟ.

ಆವತ್ತು ಮನೆಗೆ ಬಂದು, ಉಳಿದಿದ್ದ ಹೊಂಗೆಯನ್ನ ಮೊದಲ ಸಲ ಸರಿಯಾಗಿ ನೋಡಿದೆ. ಒಂದು ಎಲೆಗೆ ಐದೋ ಏಳೋ ಕಿರುಎಲೆ. ಊರಲ್ಲಿ ತಾತ ಗದ್ದೆಗೆ ತುಳಿಸುತ್ತಿದ್ದ ಹೊಂಗೆಸೊಪ್ಪು, ಅಜ್ಜಿ ದೀಪಕ್ಕೆ ಹಾಕುತ್ತಿದ್ದ ಹೊಂಗೆ ಎಣ್ಣೆ ಎಲ್ಲ ಇದರದ್ದೇ. ಇದರ ವೈಜ್ಞಾನಿಕ ಹೆಸರು ಪೊಂಗಾಮಿಯಾ ಪಿನ್ನಾಟಾ. ‘ಪೊಂಗಾಮಿಯಾ’ ಬಂದದ್ದು ಪೊಂಗಂ ಅನ್ನೋ ತಮಿಳು-ಮಲಯಾಳದ ಹೆಸರಿಂದ. ಹಳಗನ್ನಡದ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ನಮ್ಮಲ್ಲಿ ‘ಪ’ ಹೋಗಿ ‘ಹ’ ಬಂತು. ಅಂದ್ರೆ ಬಾಯಿ ತಿರುಗದ ಆ ಲ್ಯಾಟಿನ್ ಹೆಸರಿನೊಳಗೆ ಕೂತಿರೋದು ನಮ್ಮ ಹೊಂಗೆಯ ಅಕ್ಕತಂಗಿಯೇ.

ಆ ವರ್ಷದ ನವೆಂಬರಿಂದ ನಾನು ಸೀಸನ್ ವಾಚ್ ಅನ್ನೋದಕ್ಕೆ ಸೇರಿಕೊಂಡೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ, ದೇಶದಾದ್ಯಂತ ಜನಸಾಮಾನ್ಯರೇ ಮಾಹಿತಿ ಸೇರಿಸುವ ಕಾರ್ಯಕ್ರಮ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು. ಚಿಗುರು, ಹೂ, ಕಾಯಿ ಇದೆಯಾ, ಸ್ವಲ್ಪವಾ, ಜಾಸ್ತಿಯಾ ಅಂತ ತುಂಬಬೇಕು. ಎರಡು ನಿಮಿಷದ ಕೆಲಸ. ಮಳೆ, ಬಿಸಿಲು ಏರುಪೇರಾದಂತೆ ಮರಗಳ ಕ್ಯಾಲೆಂಡರ್ ಏನಾಗ್ತಿದೆ ಅಂತ ತಿಳಿಯೋಕೆ ಇಂಥ ಸಾವಿರಾರು ಎರಡು ನಿಮಿಷಗಳು ಬೇಕು. ಜೊತೆಗೆ ನಾನು ಪ್ರತಿ ವಾರ ಬಾಲ್ಕನಿಯ ಒಂದೇ ಜಾಗದಿಂದ ಒಂದು ಫೋಟೊ ತೆಗೀತಿದ್ದೆ, ಸುಮ್ಮನೆ.

ಆ ‘ಸುಮ್ಮನೆ’ ಉಪಯೋಗಕ್ಕೆ ಬಂದದ್ದು ಕಳೆದ ಡಿಸೆಂಬರ್‌ನಲ್ಲಿ.

ಗಲ್ಲಿಯಲ್ಲಿ ಚರಂಡಿ ಕೆಲಸ ಆಯ್ತು. ಜೆಸಿಬಿ ಹೊಂಗೆಯ ಒಂದು ಪಕ್ಕದ ಬೇರನ್ನ ಕತ್ತರಿಸಿತು. ಆಮೇಲೆ ಕಾಂಡಕ್ಕೆ ಅಂಟಿಕೊಂಡ ಹಾಗೆ ಕಾಂಕ್ರೀಟ್ ಹಾಕಿದರು. ಎರಡು ವಾರಕ್ಕೆ ಅಂಕಲ್ ಮತ್ತೆ ಹಾಳೆ ಹಿಡಿದು ಬಂದರು. “ಮರ ವಾಲ್ತಾ ಇದೆ ಕಣಪ್ಪಾ. ನಾಳೆ ಯಾರ ಮೇಲಾದ್ರೂ ಬಿದ್ರೆ ಜವಾಬ್ದಾರಿ ಯಾರು?”

ಅಂಕಲ್ ಕೆಟ್ಟವರಲ್ಲ. ಅವರ ಭಯ ಸುಳ್ಳೂ ಅಲ್ಲ. ಮಳೆಗಾಲದಲ್ಲಿ ನಮ್ಮ ಊರಲ್ಲಿ ಮರ ಬಿದ್ದು ಜನ ಸತ್ತ ಸುದ್ದಿ ನಾವೆಲ್ಲ ಓದಿದ್ದೀವಿ. “ಒಂದು ವಾರ ಟೈಮ್ ಕೊಡಿ ಅಂಕಲ್” ಅಂದೆ.

ಮಂಗಳವಾರ ಸಂಜೆ ಮೇಡಂ ಬಂದರು, ಜೊತೆಗೆ ಕ್ಲಬ್ಬಿನ ನಾಲ್ಕೈದು ಜನ. ‘ಮರ ಉಳಿಸಿ’ ಅನ್ನೋ ಘೋಷಣೆ ಏನೂ ಇಲ್ಲ. ಮೇಡಂ ಸುಮ್ಮನೆ ಮರ ಸುತ್ತಿದರು. ಬುಡದಲ್ಲಿ ಅಣಬೆ ಇದೆಯಾ, ಕಾಂಡ ಟೊಳ್ಳಾಗಿದೆಯಾ, ವಾಲಿರೋ ಕಡೆಯ ಹಿಂಬದಿ ಮಣ್ಣು ಬಿರುಕು ಬಿಟ್ಟಿದೆಯಾ ಅಂತ ನೋಡಿದರು. “ವಾಲಿರೋದು ಹೊಸದಾ ಹಳೇದಾ?” ಅಂತ ಕೇಳಿದರು. ಮುಖ್ಯ ಪ್ರಶ್ನೆ ಅದೇ. ಹಳೇ ವಾಲು ಆದ್ರೆ ಮರ ಅದಕ್ಕೆ ತಕ್ಕಂತೆ ಬೆಳೆದಿರುತ್ತೆ. ಹೊಸದಾದ್ರೆ ಅಪಾಯ.

ನನ್ನ ಹತ್ರ 58 ವಾರದ ಫೋಟೊ ಇತ್ತು. ಮೊದಲನೆಯದು ಮತ್ತು ಕೊನೆಯದನ್ನ ಅಂಕಲ್ ಲ್ಯಾಪ್‌ಟಾಪಲ್ಲೇ ಒಂದರ ಮೇಲೊಂದು ಇಟ್ಟು ತೋರಿಸಿದೆ. ಎದುರು ಮನೆ ಕಿಟಕಿಯ ಅದೇ ಸರಳು, ಅದರ ಪಕ್ಕ ಅದೇ ಕಾಂಡ. ಒಂದಿಷ್ಟೂ ಜರುಗಿಲ್ಲ. ಅಂಕಲ್ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, “ಹೌದಲ್ಲೋ” ಅಂದರು.

ಮೇಡಂ ಅದನ್ನ ಗೆಲುವು ಅಂತ ತಗೊಳ್ಳಲಿಲ್ಲ. “ಒಂದು ಪಕ್ಕದ ಬೇರು ಹೋಗಿದೆ. ಎರಡು ಮಳೆಗಾಲ ನೋಡ್ಬೇಕು. ರಸ್ತೆ ಮೇಲೆ ಚಾಚಿರೋ ಆ ಒಣಕೊಂಬೆ ತೆಗೆಸಲೇಬೇಕು. ಮೊದಲು ಈ ಕಾಂಕ್ರೀಟ್ ಬಿಡಿಸಿ” ಅಂದರು. ಆಹಾರ ಹೀರುವ ಬೇರುಗಳು ಹೆಚ್ಚಿನವು ಮೇಲ್ಮಣ್ಣಲ್ಲೇ ಇರ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಕ್ರೀಟ್ ಎರಡನ್ನೂ ತಡೆಯುತ್ತೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತ್ತು. ಚರಂಡಿ ಕೆಲಸದ ಮೇಸ್ತ್ರಿ ಇನ್ನೂ ಗಲ್ಲಿಯಲ್ಲೇ ಇದ್ದರು. ಅವರಿಗೆ ಕಾಫಿ ಕೊಟ್ಟು ಕಾರಣ ಹೇಳಿದ್ವಿ. “ಮೊದಲೇ ಹೇಳಬಾರದಿತ್ತಾ ಸಾರ್, ಹಸಿ ಇದ್ದಾಗ ಸುಲಭ ಇತ್ತು” ಅಂದುಕೊಂಡೇ ಮರದ ಸುತ್ತ ಒಂದು ಮೀಟರ್ ಒಡೆದು ಕೊಟ್ಟರು.

ಹಾಳೆಯೂ ಬದಲಾಯ್ತು. ‘ಮರ ತೆರವುಗೊಳಿಸಿ’ ಅನ್ನೋದರ ಬದಲು ‘ಮರ ಪರಿಶೀಲಿಸಿ, ಒಣಕೊಂಬೆ ತೆಗೆಯಿರಿ’ ಅಂತ ಅಂಕಲ್ಲೇ ಬರೆದರು. ಈ ಸಲ ಮೊದಲ ಸಹಿ ನನ್ನದು. ಓದಿಯೇ ಹಾಕಿದೆ. ಆದರೂ ಅಂಕಲ್ ಕಾರನ್ನ ಈಗ ಪಕ್ಕದ ಗಲ್ಲಿಯಲ್ಲಿ ನಿಲ್ಲಿಸ್ತಾರೆ. ನನ್ನ ಕಂಡಾಗೆಲ್ಲ, “ನಿನ್ನ ಹೊಂಗೆ ಹೇಗಿದೆಯಪ್ಪಾ?” ಅಂತಾರೆ.

ಸ್ನೇಹಿತರೇ, ನಿಮಗೂ ಒಂದು ಹೋಮ್‌ವರ್ಕ್. ಕ್ಲಬ್ಬೇ ಬೇಕು ಅಂತಿಲ್ಲ. ಈ ಭಾನುವಾರ ನಿಮ್ಮ ಮನೆ ಮುಂದಿನ ಒಂದೇ ಒಂದು ಮರ ಆರಿಸಿಕೊಳ್ಳಿ. ಬಿದ್ದ ಎಲೆ ಎತ್ತಿ, ಮೊಗ್ಗು ಎಲ್ಲಿದೆ ಹುಡುಕಿ, ಒಂದು ಎಲೆ ಯಾವುದು ಅಂತ ತೀರ್ಮಾನ ಮಾಡಿ. ಆಮೇಲೆ ಆ್ಯಪ್ ತೆಗೀರಿ. ಒಂದೇ ಜಾಗದಿಂದ ವಾರಕ್ಕೊಂದು ಫೋಟೊ ತೆಗೀರಿ. ಇನ್ನೊಂದು ವಿಷಯ ನೆನಪಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ವಿನಾಯಿತಿ ಇರೋ ಕೆಲವು ಜಾತಿ ಬಿಟ್ಟರೆ ನಮ್ಮದೇ ಕಾಂಪೌಂಡಿನ ಮರ ಕಡಿಯೋಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹಾಗಾಗಿ ಯಾರಾದ್ರೂ ಹಾಳೆ ತಂದಾಗ ನಿಮ್ಮ ಸಹಿಗೆ ಬೆಲೆ ಇದೆ. ಬಿರಿಯಾನಿ ತಣ್ಣಗಾದ್ರೂ ಪರವಾಗಿಲ್ಲ, ಓದಿ.

ಇನ್ನು ಪಿಂಕ್ ಫೋಟೊ ಹಾಕೋರು ಧಾರಾಳವಾಗಿ ಹಾಕಿ. ಟಬೂಬಿಯಾ ಮಧ್ಯ ಅಮೆರಿಕದಿಂದ ಬಂದದ್ದು, ಎಲ್ ಸಾಲ್ವಡೋರ್ ದೇಶದ ರಾಷ್ಟ್ರೀಯ ವೃಕ್ಷ. ‘ಹೊರಗಿನ ಮರ ಯಾಕೆ ಬೇಕು’ ಅಂತ ನಮ್ಮ ಕ್ಲಬ್ಬಲ್ಲೂ ಜಗಳ ಆಗ್ತಿರುತ್ತೆ. ಆಗೆಲ್ಲ ಮೇಡಂ ನಾಗಲಿಂಗದ ಕಡೆ ಕೈ ತೋರಿಸ್ತಾರೆ. ಶಿವನಿಗೆ ಪ್ರಿಯ ಅಂತ ನಾವು ಕೈಮುಗಿಯೋ ಆ ಹೂವಿನ ತವರೂ ದಕ್ಷಿಣ ಅಮೆರಿಕವೇ. ಹೊಸದಾಗಿ ನೆಡುವಾಗ ಹೊಂಗೆ, ಬೇವು, ನೇರಳೆ ನೆಡೋಣ, ಇರೋದನ್ನ ಗೌರವದಿಂದ ನೋಡೋಣ ಅನ್ನೋದು ಅವರ ತೀರ್ಪು. ಕ್ಯಾಪ್ಷನ್ ಮಾತ್ರ ಸರಿಯಾಗಿ ಹಾಕಿ.

ಹೊಂಗೆ ಯುಗಾದಿ ಆಸುಪಾಸಿಗೆ ಹಳೇ ಎಲೆಯೆಲ್ಲ ಉದುರಿಸಿ, ಮಿರಮಿರ ಮಿಂಚೋ ಹಸಿರು ಚಿಗುರು ಬಿಡುತ್ತೆ. ಕಳೆದ ವರ್ಷ ಇಷ್ಟು ಹೊತ್ತಿಗೆ ನನ್ನ ಲಿಸ್ಟಲ್ಲಿ ‘ಚಿಗುರು: ಸ್ವಲ್ಪ’ ಅಂತ ಇದೆ. ಈ ವಾರ ಬೆಳಗ್ಗೆ ಬಾಲ್ಕನಿಯಲ್ಲಿ ನಿಂತು ಸುಮಾರು ಹೊತ್ತು ನೋಡಿದೆ. ಬೇರು ಹೋದ ಪಕ್ಕದಲ್ಲಿ ಏನೂ ಇಲ್ಲ. ಇನ್ನೊಂದು ಪಕ್ಕದ ಒಂದು ಕೊಂಬೆ ತುದಿಯಲ್ಲಿ ಏನೋ ಕಂಡ ಹಾಗಿತ್ತು, ಖಾತ್ರಿ ಆಗಲಿಲ್ಲ. ‘ಚಿಗುರು: ಇಲ್ಲ’ ಅಂತಲೇ ತುಂಬಿದ್ದೀನಿ. ಮುಂದಿನ ಭಾನುವಾರ ಮತ್ತೆ ನೋಡ್ತೀನಿ.